ಚರ್ಮದ ಕಾಯಕಕ್ಕೆ ಮಧ್ಯಾಹ್ನದ ಬೆಳಕು

ಹುಮನಾಬಾದಿನಲ್ಲಿ ಬಿಸಿಲಿಗೆ ಬರವಿಲ್ಲ. ಬೀದರ ಜಿಲ್ಲೆಯ ಈ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 17.8 ಡಿಗ್ರಿಯಲ್ಲಿದೆ. ಹಾಗಾಗಿ ವರ್ಷಕ್ಕೆ ಎರಡು ಸಲ, ಮೇ ತಿಂಗಳ ಎರಡನೇ ವಾರದಲ್ಲೊಮ್ಮೆ ಮತ್ತು ಆಗಸ್ಟ್ ಮೊದಲ ದಿನಗಳಲ್ಲೊಮ್ಮೆ, ಸೂರ್ಯ ಇಲ್ಲಿನವರ ನಡುನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಆಗಸ್ಟಿನಲ್ಲಿ ಮೋಡ ಅಡ್ಡ ಬರಬಹುದು. ಮೇ ತಿಂಗಳ ಮಟಮಟ ಮಧ್ಯಾಹ್ನ ಮಾತ್ರ ಅಂಗಳದಲ್ಲಿ ನಿಂತವರ ನೆರಳು ಕಾಲಡಿಯಲ್ಲೇ ಅಡಗುತ್ತದೆ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಕಲಬುರಗಿ ವಿಭಾಗದ ಸೀಮೆ ಇದು.

ಇಂಥ ಸೀಮೆಯಲ್ಲೂ ಮೊಣಕಾಲು ನೋವು, ಸೊಂಟ ನೋವು ಎಂದು ಡಾಕ್ಟರ ಹತ್ತಿರ ಹೋದವರು ವಿಟಮಿನ್ ಡಿ ಪೊಟ್ಟಣದ ಚೀಟಿ ಹಿಡಿದು ಬರುತ್ತಾರೆ. ಬಿಸಿಲೇ ಕೊಡುವ ವಿಟಮಿನ್ನು ಬಿಸಿಲ ನಾಡಿನವರಿಗೇ ಏಕೆ ಸಾಲದು? ಇದಕ್ಕೆ ಉತ್ತರ ಬೇಕಾದರೆ ಮೊದಲು ನಮ್ಮ ಚರ್ಮ ಈ ವಿಟಮಿನ್ನನ್ನು ಹೇಗೆ ತಯಾರಿಸುತ್ತದೆ ಎಂಬುದನ್ನು ಸಾವಧಾನವಾಗಿ ನೋಡಬೇಕು. ಅದೊಂದು ಕಸುಬು. ಅದಕ್ಕೆ ಕಚ್ಚಾ ಸರಕಿದೆ, ಕ್ರಮವಿದೆ, ಹದವಿದೆ, ಸಾಕೆಂದು ನಿಲ್ಲಿಸುವ ಜಾಣ್ಮೆಯೂ ಇದೆ. ಕಾಯಕವನ್ನು ಹಾಡಿ ಹೊಗಳಿದ ಕಲ್ಯಾಣದ ನೆರೆಯಲ್ಲಿರುವವರು ನಾವು. ನಮ್ಮ ಮೈಮೇಲೆಯೇ ದಿನವೂ ನಡೆಯಬಹುದಾದ ಈ ಕಾಯಕವನ್ನು ಬಲ್ಲವರು ಮಾತ್ರ ನಮ್ಮಲ್ಲಿ ಕಡಿಮೆ.

ಒಂದು ಹೆಜ್ಜೆ ಹಿಂದೆ ನಿಂತ ಸರಕು

ಈ ಕಸುಬಿನ ಕಚ್ಚಾ ಸರಕಿನ ಹೆಸರು 7-ಡಿಹೈಡ್ರೋಕೊಲೆಸ್ಟೆರಾಲ್. ಕೊಲೆಸ್ಟೆರಾಲ್ ಎಂದೊಡನೆ ನಮಗೆ ಹೃದಯದ ಕಾಯಿಲೆ ನೆನಪಾಗುತ್ತದೆ. ಆದರೆ ಕೊಲೆಸ್ಟೆರಾಲ್ ಇಲ್ಲದೆ ದೇಹದ ಒಂದು ಜೀವಕೋಶವೂ ನಿಲ್ಲಲಾರದು. ಪ್ರತಿ ಜೀವಕೋಶದ ಪೊರೆಯಲ್ಲೂ ಅದಿರುತ್ತದೆ. ನಮಗೆ ಬೇಕಾದ ಕೊಲೆಸ್ಟೆರಾಲಿನ ಬಹುಪಾಲನ್ನು ನಮ್ಮ ದೇಹವೇ ಹಲವು ಹಂತಗಳಲ್ಲಿ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಯಲ್ಲಿ ಕೊಲೆಸ್ಟೆರಾಲಿಗಿಂತ ಒಂದೇ ಹೆಜ್ಜೆ ಹಿಂದಿರುವ ವಸ್ತು ಈ 7-ಡಿಹೈಡ್ರೋಕೊಲೆಸ್ಟೆರಾಲ್. ಕೊಲೆಸ್ಟೆರಾಲಿನ ಅಣುವಿನಲ್ಲಿ 27 ಇಂಗಾಲ, 46 ಜಲಜನಕ ಮತ್ತು ಒಂದು ಆಮ್ಲಜನಕದ ಪರಮಾಣುಗಳಿವೆ. ಇದರಲ್ಲಿ ಜಲಜನಕ 44. ಎರಡೇ ಎರಡು ಕಡಿಮೆ. ಡಿಎಚ್‌ಸಿಆರ್7 ಎಂಬ ಕಿಣ್ವ ಆ ಎರಡನ್ನು ಜೋಡಿಸಿದ ಕೂಡಲೇ ಅದು ಕೊಲೆಸ್ಟೆರಾಲ್ ಆಗಿಬಿಡುತ್ತದೆ.

ದೇಹದ ಬೇರೆ ಕಡೆ ಈ ಕೊನೆಯ ಜೋಡಣೆ ತಡವಿಲ್ಲದೆ ನಡೆದುಹೋಗುತ್ತದೆ. ಚರ್ಮದಲ್ಲಿ, ಅದರಲ್ಲೂ ಹೊರಚರ್ಮದ ಕೆಳಪದರುಗಳಲ್ಲಿ, ಒಂದಿಷ್ಟು ಸರಕು ಹಾಗೆಯೇ ಉಳಿದಿರುತ್ತದೆ. ಬೆಳಕು ಬಂದು ಮುಟ್ಟಬಹುದಾದ ಜಾಗದಲ್ಲಿ, ಇನ್ನೂ ಕೊಲೆಸ್ಟೆರಾಲ್ ಆಗದೆ ಕಾದಿರುವ ಸರಕು ಅದು.

ಈ ಹೆಜ್ಜೆ ಎಷ್ಟು ಸೂಕ್ಷ್ಮದ್ದೆಂಬುದಕ್ಕೆ ವೈದ್ಯಶಾಸ್ತ್ರದಲ್ಲೇ ಸಾಕ್ಷಿಯಿದೆ. ಹುಟ್ಟಿನಿಂದಲೇ ಆ ಕಿಣ್ವ ಸರಿಯಿಲ್ಲದ ಮಕ್ಕಳಲ್ಲಿ 7-ಡಿಹೈಡ್ರೋಕೊಲೆಸ್ಟೆರಾಲ್ ಮೈತುಂಬ ಶೇಖರವಾಗುತ್ತದೆ, ಕೊಲೆಸ್ಟೆರಾಲ್ ಕಡಿಮೆ ಬೀಳುತ್ತದೆ. ಬೆಳವಣಿಗೆ, ಬುದ್ಧಿಶಕ್ತಿ, ಅಂಗಾಂಗಗಳ ರಚನೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಸ್ಮಿತ್, ಲೆಮ್ಲಿ ಮತ್ತು ಓಪಿಟ್ಜ್ ಎಂಬ ಮೂವರು ವೈದ್ಯರು 1964ರಲ್ಲಿ ಈ ಕಾಯಿಲೆಯನ್ನು ಗುರುತಿಸಿದರು; ಅದರ ಮೂಲ ಈ ಒಂದು ಹೆಜ್ಜೆಯಲ್ಲಿದೆ ಎಂದು ತಿಳಿದದ್ದು 1990ರ ದಶಕದಲ್ಲಿ. ಸರಕು ಇರಬೇಕು, ಆದರೆ ಇರಬೇಕಾದಲ್ಲಿ, ಇರಬೇಕಾದಷ್ಟೇ ಇರಬೇಕು.

ಬೆಳಕಿನ ಕೆಲಸ, ಬಿಸಿಯ ಕೆಲಸ

ಈ ಅಣುವಿನ ರಚನೆಯನ್ನು ಕಣ್ಣಮುಂದೆ ತಂದುಕೊಳ್ಳಲು ಒಂದು ಹೋಲಿಕೆ ಸಾಕು. ಒಂದಕ್ಕೊಂದು ಅಂಟಿಕೊಂಡ ನಾಲ್ಕು ಕೋಣೆಗಳ ಮನೆಯೊಂದನ್ನು ನೆನೆಯಿರಿ. ಅಕ್ಕಪಕ್ಕದ ಕೋಣೆಗಳಿಗೆ ನಡುಗೋಡೆ ಒಂದೇ. ಮೊದಲ ಮೂರು ಕೋಣೆಗಳಿಗೆ ಆರಾರು ಮೂಲೆ, ಕೊನೆಯದಕ್ಕೆ ಐದು. ಪ್ರತಿ ಮೂಲೆಯಲ್ಲೂ ಒಂದು ಇಂಗಾಲದ ಪರಮಾಣು. ಎರಡನೇ ಕೋಣೆಯಲ್ಲಿ ಎರಡು ಜೋಡಿಬಂಧಗಳಿವೆ. ಜಲಜನಕ ಎರಡು ಕಡಿಮೆ ಇರುವುದರಿಂದ ಸಿಕ್ಕಿದ ಎರಡನೇ ಜೋಡಿಬಂಧವೇ ಈ ಅಣುವಿಗೆ ಬೆಳಕನ್ನು ಹಿಡಿಯುವ ಶಕ್ತಿ ಕೊಟ್ಟಿದೆ. ಕೊಲೆಸ್ಟೆರಾಲಿನಲ್ಲಿ ಅಂಥ ಬಂಧ ಒಂದೇ ಇರುವುದರಿಂದ ಅದರ ಮೇಲೆ ಎಷ್ಟು ಬಿಸಿಲು ಬಿದ್ದರೂ ವಿಟಮಿನ್ ಆಗುವುದಿಲ್ಲ.

ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವುಗಳಲ್ಲಿ 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ, ಯುವಿ-ಬಿ ಎಂದು ಕರೆಯುವ ಕಿರಣಗಳಷ್ಟೇ ಈ ಕೆಲಸಕ್ಕೆ ಒದಗುತ್ತವೆ. ಅಂಥ ಕಿರಣವೊಂದು ಚರ್ಮದೊಳಕ್ಕೆ ಇಳಿದು ಅಣುವಿಗೆ ತಾಗಿದಾಗ ಎರಡನೇ ಕೋಣೆಯ ಹೊರಗೋಡೆ, ಅಂದರೆ 9 ಮತ್ತು 10ನೇ ಇಂಗಾಲಗಳ ನಡುವಿನ ಬಂಧ, ಬಿಚ್ಚಿಕೊಳ್ಳುತ್ತದೆ. ಉಳಿದ ಮೂರು ಕೋಣೆಗಳು ಇದ್ದಂತೆಯೇ ಇರುತ್ತವೆ. ಬೇರೆ ಯಾವ ಬಂಧವೂ ಕಡಿದುಹೋಗುವುದಿಲ್ಲ, ಒಂದು ಪರಮಾಣುವೂ ಆಚೆ ಹೋಗುವುದಿಲ್ಲ, ಹೊಸದೊಂದು ಒಳಗೆ ಬರುವುದೂ ಇಲ್ಲ. ಇದಿಷ್ಟಕ್ಕೂ ಹಿಡಿಯುವ ಹೊತ್ತನ್ನು ಒಂದು ಸೆಕೆಂಡಿನ ಲಕ್ಷ ಕೋಟಿ ಪಾಲುಗಳಲ್ಲಿ ಎಣಿಸಬೇಕು. ಹೀಗೆ ಹುಟ್ಟಿದ್ದು ಪ್ರಿವಿಟಮಿನ್ ಡಿ3. ಇದು ಇನ್ನೂ ವಿಟಮಿನ್ ಅಲ್ಲ.

ಮಿಕ್ಕಿದ್ದು ಬಿಸಿಯ ಕೆಲಸ. ಇದಕ್ಕೆ ಹೊರಗಿನ ಬಿಸಿಲು ಬೇಕಿಲ್ಲ, ಮೈಯ ಕಾವೇ ಸಾಕು. ಪ್ರಿವಿಟಮಿನ್ನಿನ ಒಂದು ಜಲಜನಕ ತಾನಿದ್ದ ಜಾಗ ಬಿಟ್ಟು ಅದೇ ಅಣುವಿನ ಇನ್ನೊಂದು ಇಂಗಾಲಕ್ಕೆ ಸರಿಯುತ್ತದೆ. ಜೋಡಿಬಂಧಗಳೂ ಅದರ ಜೊತೆಗೆ ಸ್ಥಾನ ಬದಲಿಸುತ್ತವೆ. ಆಗ ಅಣು ನೀಳವಾಗಿ ಚಾಚಿಕೊಂಡು ವಿಟಮಿನ್ ಡಿ3 ಆಗುತ್ತದೆ. ಬೆಳಕು ಕ್ಷಣಾರ್ಧದಲ್ಲಿ ಮುಗಿಸಿದ ಕೆಲಸದ ಮೇಲೆ ಬಿಸಿ ಗಂಟೆಗಟ್ಟಲೆ ಕೂರುತ್ತದೆ. ಮಧ್ಯಾಹ್ನ ಹೊಲದಲ್ಲಿ ಬಿದ್ದ ಬಿಸಿಲು ರಾತ್ರಿ ಮಲಗಿದಾಗಲೂ ಮೈಯೊಳಗೆ ವಿಟಮಿನ್ ಆಗುತ್ತಲೇ ಇರುತ್ತದೆ.

ಇಲ್ಲಿ ಚರ್ಮದ ಇನ್ನೊಂದು ಕುಶಲತೆಯಿದೆ. ಪ್ರಯೋಗಶಾಲೆಯಲ್ಲಿ ದ್ರಾವಕದೊಳಗಿಟ್ಟ ಪ್ರಿವಿಟಮಿನ್ ದೇಹದಷ್ಟೇ ಬಿಸಿಯಲ್ಲಿದ್ದರೂ ವಿಟಮಿನ್ನಾಗಲು ಬಹಳ ಹೊತ್ತು ಹಿಡಿಯುತ್ತದೆ. ಬಂಧದ ಸುತ್ತ ಅಣು ತಿರುಗಾಡಿಕೊಂಡು, ಜಲಜನಕ ಸರಿಯಲಾರದ ಭಂಗಿಗೆ ಹೋಗಿಬಿಡುವುದೇ ಅದಕ್ಕೆ ಕಾರಣ. ಚರ್ಮದಲ್ಲಾದರೋ ಅದು ಜೀವಕೋಶದ ಪೊರೆಯ ಕೊಬ್ಬಿನ ಅಣುಗಳ ನಡುವೆ ಒತ್ತಾಗಿ ಸಿಕ್ಕಿಕೊಂಡಿರುತ್ತದೆ. ಪೊರೆ ಅದನ್ನು ಬೇಕಾದ ಭಂಗಿಯಲ್ಲೇ ಹಿಡಿದಿಡುತ್ತದೆ. ಹಾಗಾಗಿ ಅದೇ ಕೆಲಸ ಹಲವು ಪಟ್ಟು ಬೇಗ ಮುಗಿಯುತ್ತದೆ. ವಿಟಮಿನ್ ಆದ ಮೇಲೆ ಅದರ ಆಕಾರ ಆ ಜಾಗಕ್ಕೆ ಹೊಂದುವುದಿಲ್ಲ. ಪೊರೆಯಿಂದ ಹೊರಬಿದ್ದು ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಅದನ್ನು ಹೊತ್ತೊಯ್ಯಲೆಂದೇ ಒಂದು ಪ್ರೋಟೀನ್ ಇದೆ.

ಅಲ್ಲಿಂದ ಮುಂದೆ ಪಿತ್ತಜನಕಾಂಗ ಅದಕ್ಕೊಂದು ಆಮ್ಲಜನಕ–ಜಲಜನಕದ ಜೋಡಿ ಸೇರಿಸುತ್ತದೆ. ರಕ್ತಪರೀಕ್ಷೆಯಲ್ಲಿ ಅಳೆಯುವುದು ಈ ರೂಪವನ್ನೇ. ಮೂತ್ರಪಿಂಡ ಇನ್ನೊಂದು ಜೋಡಿ ಸೇರಿಸುತ್ತದೆ. ಆಗ ಅದು ಪೂರ್ಣ ಬಲದ ಹಾರ್ಮೋನ್. ಕರುಳಿಗೆ ಹೋಗಿ, ಉಂಡ ಅನ್ನದಿಂದ ಸುಣ್ಣದಂಶವನ್ನು ಎಳೆದುಕೊಳ್ಳುವಂತೆ ಮಾಡುವುದು ಅದರ ಮುಖ್ಯ ಕೆಲಸ. ಅದಿಲ್ಲದೆ ಹಾಲು, ಮೊಸರು, ರಾಗಿ, ಸೊಪ್ಪು ಎಷ್ಟು ತಿಂದರೂ ಅದರಲ್ಲಿರುವ ಸುಣ್ಣದಂಶದ ಸಣ್ಣ ಪಾಲಷ್ಟೇ ಮೈಗೆ ಹತ್ತುತ್ತದೆ. ಬೆಳೆಯುವ ಮಕ್ಕಳ ಕಾಲು ಬಿಲ್ಲಿನಂತೆ ಬಾಗುತ್ತವೆ, ಅದೇ ರಿಕೆಟ್ಸ್. ದೊಡ್ಡವರ ಎಲುಬು ಮೆತ್ತಗಾಗಿ ನೋಯುತ್ತವೆ.

ಸಾಕೆಂದು ನಿಲ್ಲಿಸುವ ಜಾಣ್ಮೆ

ಈ ಕಸುಬಿನಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಅದರ ಮಿತಿ. ದಿನವಿಡೀ ಬಿಸಿಲಿನಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳ, ರಸ್ತೆ ಕೆಲಸದ ಕೂಲಿಕಾರರ ಮೈಯಲ್ಲಿ ವಿಟಮಿನ್ ಡಿ ಅತಿಯಾಗಿ ವಿಷವಾಗಬೇಕಿತ್ತಲ್ಲವೇ? ಹಾಗಾಗುವುದಿಲ್ಲ. ಬೆಳಕು ಪ್ರಿವಿಟಮಿನ್ನಿಗೂ ತಾಗುತ್ತದೆ. ತಾಗಿದಾಗ ಅದು ಮರಳಿ 7-ಡಿಹೈಡ್ರೋಕೊಲೆಸ್ಟೆರಾಲ್ ಆಗಬಹುದು, ಇಲ್ಲವೇ ಲ್ಯುಮಿಸ್ಟೆರಾಲ್, ಟ್ಯಾಕಿಸ್ಟೆರಾಲ್ ಎಂಬ ಬೇರೆ ರೂಪಗಳಿಗೆ ತಿರುಗಬಹುದು. ಇವುಗಳಿಗೆ ಸುಣ್ಣದಂಶವನ್ನು ಏರಿಸುವ ಶಕ್ತಿಯಿಲ್ಲ. ಎಲ್ಲದರಲ್ಲೂ ಅದೇ 27 ಇಂಗಾಲ, 44 ಜಲಜನಕ, ಒಂದು ಆಮ್ಲಜನಕ. ಜೋಡಣೆ ಮಾತ್ರ ಬೇರೆ. ಹೀಗಾಗಿ ಚರ್ಮದಲ್ಲಿರುವ ಸರಕಿನ ಶೇ. 10ರಿಂದ 15ರಷ್ಟು ಪ್ರಿವಿಟಮಿನ್ ಆದ ಮೇಲೆ, ಇನ್ನೆಷ್ಟು ಹೊತ್ತು ಬಿಸಿಲಿನಲ್ಲಿ ನಿಂತರೂ ಅದು ಏರುವುದಿಲ್ಲ. ಆಗಲೇ ತಯಾರಾಗಿ ಚರ್ಮದಲ್ಲಿ ಉಳಿದ ಡಿ3 ಕೂಡ ಹೆಚ್ಚಿನ ಬೆಳಕಿಗೆ ಒಡೆದುಹೋಗುತ್ತದೆ. ಮಾಡುವ ಬೆಳಕೇ ಅತಿಯಾದದ್ದನ್ನು ಅಳಿಸುತ್ತದೆ. ಚರ್ಮದ ಈ ನಡೆಯನ್ನು ಅಮೆರಿಕದ ಮೈಕೆಲ್ ಹೋಲಿಕ್ ಮತ್ತು ಸಂಗಡಿಗರು 1980ರ ಆಸುಪಾಸಿನಲ್ಲಿ ಬಿಡಿಸಿ ತೋರಿಸಿದರು.

ಚರ್ಮದ ಬಣ್ಣಕ್ಕೂ ಇಲ್ಲಿ ಪಾತ್ರವಿದೆ. ನಮ್ಮ ಕಪ್ಪು, ಕಂದು ಬಣ್ಣಕ್ಕೆ ಕಾರಣವಾದ ಮೆಲನಿನ್ ಅದೇ ಕಿರಣಗಳನ್ನು ತಾನೂ ಹೀರಿಕೊಂಡು ಚರ್ಮವನ್ನು ಸುಡದಂತೆ ಕಾಯುತ್ತದೆ. ಬಿಸಿಲ ನಾಡಿನವರಿಗೆ ಇದು ದೊಡ್ಡ ಆಸರೆ. ಆದರೆ ಅಷ್ಟೇ ವಿಟಮಿನ್ ತಯಾರಾಗಲು ಬಿಳಿಯರಿಗಿಂತ ನಮಗೆ ಹೆಚ್ಚು ಹೊತ್ತು ಬೇಕು. ವಯಸ್ಸಾದಂತೆ ಕಚ್ಚಾ ಸರಕೂ ಕಡಿಮೆಯಾಗುತ್ತದೆ. ಎಂಬತ್ತರ ಅಜ್ಜಿಯ ಚರ್ಮದಲ್ಲಿ ಇಪ್ಪತ್ತರ ಮೊಮ್ಮಗಳಲ್ಲಿ ಇರುವುದರ ಅರ್ಧಕ್ಕಿಂತ ಕಡಿಮೆ 7-ಡಿಹೈಡ್ರೋಕೊಲೆಸ್ಟೆರಾಲ್ ಇರಬಹುದೆಂದು 1985ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ಕಟ್ಟೆಯ ಮೇಲೆ, ಅದೇ ಬಿಸಿಲಿನಲ್ಲಿ ಇಬ್ಬರೂ ಕೂತರೂ ಅಜ್ಜಿಗೆ ಸಿಗುವುದು ಕಡಿಮೆ.

ಕಲ್ಮಶದಲ್ಲಿ ಸಿಕ್ಕ ಸತ್ಯ

ಇಷ್ಟನ್ನು ತಿಳಿಯಲು ಮನುಷ್ಯರಿಗೆ ನೂರಾರು ವರ್ಷ ಹಿಡಿಯಿತು. 1822ರಲ್ಲೇ ಪೋಲೆಂಡಿನ ವೈದ್ಯ ಸ್ನ್ಯಾಡೆಟ್ಸ್ಕಿ, ವಾರ್ಸಾ ನಗರದ ಇಕ್ಕಟ್ಟಾದ ಓಣಿಗಳ ಮಕ್ಕಳಿಗೆ ರಿಕೆಟ್ಸ್ ಬರುತ್ತದೆ, ಹಳ್ಳಿಯ ಮಕ್ಕಳಿಗೆ ಅಷ್ಟಾಗಿ ಬರುವುದಿಲ್ಲ ಎಂದು ಗುರುತಿಸಿದ್ದ. ಒಂದನೇ ಮಹಾಯುದ್ಧ ಮುಗಿದ ಚಳಿಗಾಲದಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯ ರಿಕೆಟ್ಸ್ ಆದ ಮಕ್ಕಳಿಗೆ ಪಾದರಸದ ದೀಪದ ಬೆಳಕು ಹಿಡಿದು ಗುಣಪಡಿಸಿದ. ಒಂದೇ ತೋಳಿಗೆ ಬೆಳಕು ಹಿಡಿದರೂ ಇನ್ನೊಂದು ತೋಳಿನ ಎಲುಬು ಕೂಡ ಗಟ್ಟಿಯಾದದ್ದನ್ನು ಅವನು ಕಂಡ. ಅಂದರೆ ಬೆಳಕು ಬಿದ್ದ ಜಾಗದಲ್ಲಿ ಏನೋ ಹುಟ್ಟಿ, ರಕ್ತದಲ್ಲಿ ಹರಿದು, ಮೈಗೆಲ್ಲ ತಲುಪುತ್ತದೆ ಎಂದಾಯಿತು. ಅದೇ 1919ರ ಸುಮಾರಿಗೆ ಇಂಗ್ಲೆಂಡಿನ ಮೆಲನ್‌ಬಿ ಮನೆಯೊಳಗೇ ಸಾಕಿದ ನಾಯಿಮರಿಗಳ ರಿಕೆಟ್ಸನ್ನು ಕಾಡ್ ಮೀನಿನ ಎಣ್ಣೆಯಿಂದ ವಾಸಿಮಾಡಿದ. ಬಿಸಿಲು ಕೊಡುವುದನ್ನೇ ಮೀನೆಣ್ಣೆಯೂ ಕೊಡುತ್ತಿತ್ತು. 1922ರಲ್ಲಿ ಮೆಕಾಲಮ್ ಅದಕ್ಕೆ ವಿಟಮಿನ್ ಡಿ ಎಂದು ಹೆಸರಿಟ್ಟ.

ಆದರೆ ಚರ್ಮದಲ್ಲಿ ಬೆಳಕಿಗೆ ಓಗೊಡುವ ವಸ್ತು ಯಾವುದು? ಜರ್ಮನಿಯ ಗಟಿಂಗೆನ್ನಿನ ರಸಾಯನಶಾಸ್ತ್ರಿ ಅಡಾಲ್ಫ್ ವಿಂಡೌಸ್ ಕೊಲೆಸ್ಟೆರಾಲಿನ ರಚನೆ ತಿಳಿಯಲು ಆಯುಷ್ಯವನ್ನೇ ಕೊಟ್ಟವನು. ಕೊಲೆಸ್ಟೆರಾಲಿಗೆ ನೇರಳಾತೀತ ಬೆಳಕು ಹಿಡಿದರೆ ಅದಕ್ಕೆ ರಿಕೆಟ್ಸ್ ವಾಸಿಮಾಡುವ ಗುಣ ಬರುತ್ತಿತ್ತು. ಅದೇ ಕೊಲೆಸ್ಟೆರಾಲನ್ನು ಬ್ರೋಮಿನ್ ಬಳಸಿ ಇನ್ನೂ ಶುದ್ಧ ಮಾಡಿದಾಗ ಆ ಗುಣವೇ ಮಾಯವಾಯಿತು! ಕೆಲಸ ಮಾಡುತ್ತಿದ್ದದ್ದು ಅದರಲ್ಲಿ ಸಾಸಿವೆಯಷ್ಟು ಸೇರಿಕೊಂಡಿದ್ದ ಕಲ್ಮಶ. 1927ರಲ್ಲಿ ವಿಂಡೌಸ್, ನ್ಯೂಯಾರ್ಕಿನ ಹೆಸ್, ಲಂಡನ್ನಿನ ರೋಸೆನ್‌ಹೈಮ್ ಇವರೆಲ್ಲರ ಕೆಲಸ ಕೂಡಿ, ಯೀಸ್ಟ್ ಮತ್ತು ಶಿಲೀಂಧ್ರಗಳಲ್ಲಿರುವ ಎರ್ಗೋಸ್ಟೆರಾಲ್ ಬೆಳಕಿಗೆ ವಿಟಮಿನ್ ಆಗುತ್ತದೆ ಎಂದು ತೋರಿಸಿತು. ಮರುವರ್ಷ ವಿಂಡೌಸನಿಗೆ ನೊಬೆಲ್ ಬಹುಮಾನ ಬಂತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರ್ಗೋಸ್ಟೆರಾಲಿನಿಂದಾದ ವಿಟಮಿನ್ ಕೋಳಿಮರಿಗಳ ಮೇಲೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಮೀನೆಣ್ಣೆ ಮಾಡುತ್ತಿತ್ತು. ಪೂರ್ತಿ ಶುದ್ಧವಲ್ಲದ ಕೊಲೆಸ್ಟೆರಾಲಿಗೆ ಬೆಳಕು ಹಿಡಿದರೆ ಅದೂ ಕೋಳಿಮರಿಗಳಿಗೆ ಒದಗುತ್ತದೆ ಎಂದು 1934ರಲ್ಲಿ ವಾಡೆಲ್ ತೋರಿಸಿದ. ಹಾಗಾದರೆ ಪ್ರಾಣಿಗಳ ಮೈಯಲ್ಲಿರುವ ಸರಕು ಬೇರೆಯೇ ಇರಬೇಕು. ನೊಬೆಲ್ ಪಡೆದ ಮೇಲೂ ವಿಂಡೌಸ್ ತನ್ನ ಮೊದಲ ಉತ್ತರಕ್ಕೆ ಅಂಟಿಕೊಂಡು ಕೂರಲಿಲ್ಲ. 1935ರಲ್ಲಿ ಅವನ ಪ್ರಯೋಗಶಾಲೆ ಕೊಲೆಸ್ಟೆರಾಲಿನಿಂದಲೇ 7-ಡಿಹೈಡ್ರೋಕೊಲೆಸ್ಟೆರಾಲನ್ನು ತಯಾರಿಸಿತು. ಮರುವರ್ಷ ಅದಕ್ಕೆ ಬೆಳಕು ಹಿಡಿದು ಡಿ3 ಪಡೆಯಿತು. 1937ರಲ್ಲಿ ಹಂದಿಯ ಚರ್ಮದಿಂದ ಅದೇ ವಸ್ತುವನ್ನು ಬೇರ್ಪಡಿಸಿ ತೆಗೆಯಿತು. ಮೊದಲು ಕೈಯಿಂದ ಮಾಡಿ ನೋಡಿ, ಆಮೇಲೆ ಪ್ರಕೃತಿಯಲ್ಲಿ ಅದನ್ನೇ ಹುಡುಕಿ ತೆಗೆದ ಸಾಧನೆ ಅದು.

ಉಣ್ಣೆಯ ಜಿಡ್ಡಿನಿಂದ ಪೊಟ್ಟಣದವರೆಗೆ

ಔಷಧಿ ಅಂಗಡಿಯ ಡಿ3 ಇವತ್ತಿಗೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ಬರುತ್ತದೆ. ಅದರ ಮೂಲ ಕುರಿ ಎಂದರೆ ಹಲವರಿಗೆ ಅಚ್ಚರಿಯಾಗಬಹುದು. ಕುರಿಯ ಚರ್ಮದ ಗ್ರಂಥಿಗಳು ಒಸರುವ ಜಿಡ್ಡು ಉಣ್ಣೆಗೆಲ್ಲ ಹತ್ತಿ ಮಳೆನೀರು ಇಂಗದಂತೆ ಕಾಯುತ್ತದೆ. ಕುರಿ ಕಾಯುವವರ ಕೈಗೆ, ಉಣ್ಣೆ ಕತ್ತರಿಸುವವರ ಕೈಗೆ ಇದು ಚಿರಪರಿಚಿತ. ನಮ್ಮ ದಖ್ಖನಿ ಕುರಿಯ ಒರಟು ಕರಿ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಜಿಡ್ಡು ಕಡಿಮೆ. ಆಸ್ಟ್ರೇಲಿಯಾದಂಥ ದೇಶಗಳ ಮೆರಿನೋ ಕುರಿಯ ನಯವಾದ ಉಣ್ಣೆಯಲ್ಲಿ ಜಿಡ್ಡು ಬಹಳ. ಗಿರಣಿಗಳು ಆ ಉಣ್ಣೆಯನ್ನು ತೊಳೆದಾಗ ಹೊರಬರುವ ಜಿಡ್ಡೇ ಲ್ಯಾನೋಲಿನ್. ಕುರಿಯನ್ನು ಕೊಲ್ಲದೆ ಸಿಗುವ ಸರಕಿದು.

ಆ ಜಿಡ್ಡನ್ನು ಕ್ಷಾರದೊಂದಿಗೆ ಕಾಯಿಸಿ ಒಡೆದು, ಅದರೊಳಗಿನ ಕೊಲೆಸ್ಟೆರಾಲನ್ನು ಬೇರ್ಪಡಿಸಿ ಹರಳುಗಟ್ಟಿಸುತ್ತಾರೆ. ಮುಂದಿನ ಕೆಲಸ ನಾಜೂಕಿನದು. ಕೊಲೆಸ್ಟೆರಾಲಿನ 7ನೇ ಜಾಗದಿಂದ ಜಲಜನಕ ತೆಗೆಯಬೇಕು, ಬೇರೆಲ್ಲೂ ಕೈಹಾಕಬಾರದು. ಅದಕ್ಕಾಗಿ ಅಣುವಿನ ಒಂದು ತುದಿಯಲ್ಲಿರುವ ಆಮ್ಲಜನಕವನ್ನು ಮೊದಲು ಮುಚ್ಚಿ ಕಾಪಾಡುತ್ತಾರೆ. ಆಮೇಲೆ, ಬಹುಕಾಲದಿಂದ ಬಳಕೆಯಲ್ಲಿರುವ ಒಂದು ವಿಧಾನದಲ್ಲಿ, 7ನೇ ಇಂಗಾಲಕ್ಕೆ ಬ್ರೋಮಿನ್ ಕೂರಿಸಿ, ಅದನ್ನು ಪಕ್ಕದ ಜಲಜನಕದ ಸಮೇತ ಹೊರತೆಗೆಯುತ್ತಾರೆ. ಮುಚ್ಚಿದ್ದನ್ನು ಬಿಚ್ಚಿದರೆ 7-ಡಿಹೈಡ್ರೋಕೊಲೆಸ್ಟೆರಾಲ್ ಸಿದ್ಧ. ದೇಹದ ಕಿಣ್ವ ಮುಂದಕ್ಕೆ ಇಡುವ ಹೆಜ್ಜೆಯನ್ನೇ ಕಾರ್ಖಾನೆ ಹಿಂದಕ್ಕೆ ಇಡುತ್ತದೆ.

ಇನ್ನು ಬೆಳಕು. ವಸ್ತುವನ್ನು ದ್ರಾವಕದಲ್ಲಿ ಕರಗಿಸಿ ಪಾದರಸದ ದೀಪಗಳ ಮುಂದೆ ತಣ್ಣಗೆ ಹರಿಸುತ್ತಾರೆ. ಮಾಮೂಲಿ ಗಾಜು ಬೇಕಾದ ಕಿರಣಗಳನ್ನು ತಡೆಯುವುದರಿಂದ ದೀಪಕ್ಕೆ ಸ್ಫಟಿಕಶಿಲೆಯ ಕ್ವಾರ್ಟ್ಜ್ ಹೊದಿಕೆ ಇರುತ್ತದೆ. ಇಲ್ಲಿ ಅವಸರ ಸಲ್ಲದು. ಎಲ್ಲ ಸರಕನ್ನೂ ಒಂದೇ ಸಲಕ್ಕೆ ಬದಲಿಸಲು ಹೊರಟರೆ ಲ್ಯುಮಿಸ್ಟೆರಾಲ್, ಟ್ಯಾಕಿಸ್ಟೆರಾಲ್‌ಗಳೇ ತುಂಬಿಕೊಳ್ಳುತ್ತವೆ. ಹಾಗಾಗಿ ಸ್ವಲ್ಪ ಪಾಲು ಬದಲಾಗುತ್ತಲೇ ಬೆಳಕು ನಿಲ್ಲಿಸಿ, ಉಳಿದ ಕಚ್ಚಾ ಸರಕನ್ನು ಹರಳುಗಟ್ಟಿಸಿ ವಾಪಸು ತೆಗೆದು ಮತ್ತೆ ಬಳಸುತ್ತಾರೆ. ಕೊನೆಗೆ ಬಿಸಿ. ಹದವಾಗಿ ಕಾಯಿಸಿದಾಗ ಪ್ರಿವಿಟಮಿನ್ನು ವಿಟಮಿನ್ ಡಿ3 ಆಗುತ್ತದೆ. ಮೊದಲು ಬೆಳಕು, ಆಮೇಲೆ ಬಿಸಿ, ನಡುವೆ ಮಿತಿ. ಚರ್ಮ ಹಾಕಿಕೊಟ್ಟ ಈ ಕ್ರಮವನ್ನು ಯಾವ ಎಂಜಿನಿಯರೂ ಮೀರಲು ಆಗಿಲ್ಲ. ನಮ್ಮ ದೇಶದಲ್ಲಿ ಫರ್ಮೆಂಟಾ ಬಯೋಟೆಕ್ ಕಂಪನಿ ಹಿಮಾಚಲದ ಕುಲ್ಲು ಮತ್ತು ಗುಜರಾತಿನ ದಹೇಜ್‌ನಲ್ಲಿ ಡಿ3 ತಯಾರಿಸುತ್ತದೆ.

ಆ ಹರಳಿನ ಬಲ ಬೆರಗು ಹುಟ್ಟಿಸುವಂಥದ್ದು. ಒಂದು ಮೈಕ್ರೋಗ್ರಾಮಿಗೆ 40 ಯೂನಿಟ್. ವೈದ್ಯರು ವಾರಕ್ಕೊಂದು ಎಂದು ಬರೆದುಕೊಡುವ 60,000 ಯೂನಿಟ್ಟಿನ ಪೊಟ್ಟಣದಲ್ಲಿ ಇರುವ ಡಿ3 ಬರೇ ಒಂದೂವರೆ ಮಿಲಿಗ್ರಾಮ್. ಮಿಕ್ಕಿದ್ದು ಸಕ್ಕರೆ, ಪುಡಿ. ಒಂದು ಕಿಲೋ ಶುದ್ಧ ಡಿ3ಯಿಂದ ಅಂಥ ಆರೂವರೆ ಲಕ್ಷಕ್ಕೂ ಹೆಚ್ಚು ಪೊಟ್ಟಣ ಕಟ್ಟಬಹುದು. ಆದ್ದರಿಂದಲೇ ಎಚ್ಚರವೂ ಬೇಕು. ಚರ್ಮದೊಳಗಿನ ಮಿತಿ ಬಾಯಿಂದ ಹೋದ ಪುಡಿಗೆ ಅನ್ವಯಿಸುವುದಿಲ್ಲ. ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದರಂತೆ ತಿಂಗಳುಗಟ್ಟಲೆ ತಿಂದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡ ಕೆಡಬಹುದು.

ಬಿಸಿಲಿಗೆ ಹಿಡಿದ ಸೀಸೆ

ಯಾವ ಊರಿನ ಬಿಸಿಲು ಯಾವ ಹೊತ್ತಿನಲ್ಲಿ ಈ ಕೆಲಸಕ್ಕೆ ಬರುತ್ತದೆ ಎಂಬುದನ್ನು ನೇರವಾಗಿ ಅಳೆಯುವ ಉಪಾಯವೊಂದಿದೆ. 7-ಡಿಹೈಡ್ರೋಕೊಲೆಸ್ಟೆರಾಲನ್ನು ಕಿರಣ ಹಾಯುವಂಥ ಸಣ್ಣ ಸೀಸೆಯಲ್ಲಿಟ್ಟು ಬಿಸಿಲಿಗೆ ಹಿಡಿದು, ಎಷ್ಟು ಪಾಲು ಬದಲಾಯಿತೆಂದು ನೋಡುವುದು. 1988ರಲ್ಲಿ ಪ್ರಕಟವಾದ ಹೀಗೊಂದು ಪ್ರಯೋಗದಲ್ಲಿ, 42 ಡಿಗ್ರಿ ಉತ್ತರದ ಬಾಸ್ಟನ್ ನಗರದ ಬಿಸಿಲು ನವೆಂಬರಿನಿಂದ ಫೆಬ್ರುವರಿಯವರೆಗೆ ಏನೂ ಮಾಡಲಿಲ್ಲ. ಇನ್ನೂ ಉತ್ತರದ ಎಡ್ಮಂಟನ್ನಿನಲ್ಲಿ ಈ ಬರ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇತ್ತು. 18 ಡಿಗ್ರಿಯಲ್ಲಾದರೆ ನಟ್ಟನಡು ಚಳಿಗಾಲದಲ್ಲೂ ಬಿಸಿಲು ಕೆಲಸ ಮಾಡಿತು. ಆ 18 ಡಿಗ್ರಿಯೇ ಹೆಚ್ಚುಕಡಿಮೆ ನಮ್ಮ ಹುಮನಾಬಾದ್, ಬಸವಕಲ್ಯಾಣ, ಬೀದರಗಳ ಅಕ್ಷಾಂಶ.

ನಮ್ಮ ನೆರೆಯ ತಿರುಪತಿಯಲ್ಲೂ ಡಾ. ಹರಿನಾರಾಯಣ್ ಮತ್ತು ಸಂಗಡಿಗರು ಹೋಲಿಕ್ ಜೊತೆಗೂಡಿ ಇಂಥದೇ ಪ್ರಯೋಗ ನಡೆಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ವರ್ಷದ ಎಲ್ಲ ಕಾಲದಲ್ಲೂ ಸರಕು ಅತಿ ಹೆಚ್ಚು ಬದಲಾದದ್ದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ. ಹನ್ನೆರಡೂವರೆಗೆ ಸುಮಾರು ಶೇ. 11ರಷ್ಟು. ಬೆಳಗಿನ ಮತ್ತು ಸಂಜೆಯ ಬಿಸಿಲು ಬಹಳ ಹಿಂದೆ ಉಳಿಯಿತು.

ಹುಮನಾಬಾದಿನ ಲೆಕ್ಕ

ಸೂರ್ಯ ತಗ್ಗಿನಲ್ಲಿದ್ದಾಗ ಕಿರಣ ವಾತಾವರಣವನ್ನು ಓರೆಯಾಗಿ ಹಾದುಬರಬೇಕು. ಅಷ್ಟು ದೂರದ ಓಝೋನ್ ದಾಟುವಷ್ಟರಲ್ಲಿ ಯುವಿ-ಬಿ ಬಹುಪಾಲು ಅಲ್ಲೇ ಇಂಗಿಹೋಗುತ್ತದೆ. ಬೆಳಕಿರುತ್ತದೆ, ಬಿಸಿಯಿರುತ್ತದೆ, ಕೆಲಸದ ಕಿರಣ ಇರುವುದಿಲ್ಲ. ಇದನ್ನು ತಿಳಿಯಲು ಯಂತ್ರ ಬೇಡ, ನಮ್ಮ ನೆರಳೇ ಸಾಕು. ನೆರಳು ನಮ್ಮೆತ್ತರಕ್ಕಿಂತ ಗಿಡ್ಡವಿದ್ದರೆ ಆ ಬಿಸಿಲು ಈ ಕಾಯಕಕ್ಕೆ ಒದಗುವಂಥದ್ದು.

ಹುಮನಾಬಾದಿನಲ್ಲಿ ಸೂರ್ಯ ಅತಿ ತಗ್ಗಿನಲ್ಲಿ ಹಾಯುವುದು ಡಿಸೆಂಬರ್ 21ರ ಆಸುಪಾಸು, ಊರ ಪಕ್ಕದ ಮಾಣಿಕನಗರದಲ್ಲಿ ದತ್ತ ಜಯಂತಿ ನಡೆಯುವ ದಿನಮಾನ. ಆಗಲೂ ನಡುಹಗಲಿನಲ್ಲಿ ಅವನು ದಿಗಂತದಿಂದ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ. ಐದಡಿ ಎತ್ತರದವರ ನೆರಳು ನಾಲ್ಕೂವರೆ ಅಡಿಗಿಂತ ಕಡಿಮೆಯೇ. ಅಂದರೆ ಇಲ್ಲಿ ವರ್ಷದ 365 ದಿನವೂ, ಮೋಡವಿಲ್ಲದಿದ್ದರೆ, ಕೆಲಸಕ್ಕೆ ಬರುವ ಬಿಸಿಲು ಇದ್ದೇ ಇದೆ. ಡಿಸೆಂಬರಿನಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ ಒಂದೂವರೆಯವರೆಗೆ. ಮೇ ತಿಂಗಳಲ್ಲಿ 9 ದಾಟಿದಾಗಿನಿಂದ ಮೂರೂವರೆಯವರೆಗೆ.

ಆದರೆ ನಾವು ಬಿಸಿಲಿಗೆ ಮೈಯೊಡ್ಡುವುದು ಯಾವಾಗ? ಕೂಸಿಗೆ ಎಣ್ಣೆ ತಿಕ್ಕಿ ಎಳೆಬಿಸಿಲಿಗೆ ಮಲಗಿಸುವುದು ನಮ್ಮ ಮನೆಗಳ ಪ್ರೀತಿಯ ರೂಢಿ. ಡಿಸೆಂಬರಿನ ಬೆಳಿಗ್ಗೆ ಏಳೂವರೆಗೆ ನೆರಳು ಎತ್ತರದ ಏಳು ಪಟ್ಟು ಉದ್ದವಿರುತ್ತದೆ. ಆ ಬಿಸಿಲು ಕೂಸನ್ನು ಬೆಚ್ಚಗಿಡುತ್ತದೆ, ವಿಟಮಿನ್ ಕೊಡುವುದಿಲ್ಲ. ಎಳೆಗೂಸನ್ನು ಮಧ್ಯಾಹ್ನದ ಬಿಸಿಲಿಗೆ ಒಡ್ಡುವುದೂ ಸಲ್ಲದು. ಮೊದಲ ವರ್ಷ ದಿನಕ್ಕೆ 400 ಯೂನಿಟ್ ಡಿ ಹನಿ ಹಾಕಬೇಕೆಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಹೊಲದಲ್ಲಿ ತೊಗರಿ ಕೊಯ್ಯುವ, ಜೋಳ ಕೀಳುವ ಹೆಣ್ಣುಮಕ್ಕಳು ತಲೆತುಂಬ ಸೆರಗು ಹೊದ್ದು ಉದ್ದ ತೋಳಿನ ಅಂಗಿ ಹಾಕಿರುತ್ತಾರೆ. ಅವರಿಗೆ ಅದು ಬೇಕು, ಇಲ್ಲದಿದ್ದರೆ ಮೈ ಸುಟ್ಟೀತು. ಅಂಗಡಿ, ಬ್ಯಾಂಕು, ಕಾರ್ಖಾನೆಯಲ್ಲಿ ದುಡಿಯುವವರು ನೆರಳು ಗಿಡ್ಡವಿರುವ ಹೊತ್ತೆಲ್ಲ ಚಾವಣಿಯಡಿ ಇರುತ್ತಾರೆ. ಕಿಟಕಿಯ ಗಾಜಿನಿಂದ ಬಂದ ಬಿಸಿಲಿನಲ್ಲಿ ಯುವಿ-ಬಿ ಇರುವುದಿಲ್ಲ. ಇನ್ನು ನಮ್ಮ ಊಟದ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯೆಗಳಲ್ಲಿ ಎಷ್ಟೋ ಒಳ್ಳೆಯದಿದ್ದರೂ ವಿಟಮಿನ್ ಡಿ ಇಲ್ಲ. ಅದು ಇರುವುದು ಕೊಬ್ಬಿನ ಮೀನು, ತತ್ತಿಯ ಹಳದಿಯಂಥ ಕೆಲವೇ ಆಹಾರಗಳಲ್ಲಿ. ಈಗ ಪ್ಲಸ್ ಗುರುತಿನ ಜೊತೆ ಎಫ್ ಅಕ್ಷರ ಮುದ್ರಿಸಿದ ಹಾಲು, ಅಡುಗೆ ಎಣ್ಣೆಗಳಿಗೆ ಎ ಮತ್ತು ಡಿ ವಿಟಮಿನ್ ಬೆರೆಸಿರುತ್ತಾರೆ. ಕೊಳ್ಳುವಾಗ ಆ ಗುರುತು ನೋಡಬಹುದು.

ವಯಸ್ಸಾದವರು, ಬಸುರಿ ಬಾಣಂತಿಯರು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರ ಮಾತಿನಂತೆ ನಡೆಯುವುದೇ ಸರಿ. ಮಿಕ್ಕವರಿಗೆ ಚಳಿಗಾಲ ಒಳ್ಳೆಯ ಅವಕಾಶ. ನವೆಂಬರಿನಿಂದ ಫೆಬ್ರುವರಿಯವರೆಗೆ ಇಲ್ಲಿನ ಮಧ್ಯಾಹ್ನ ಹಿತವಾಗಿರುತ್ತದೆ. ತಲೆ, ಮುಖಕ್ಕೆ ಮರೆ ಮಾಡಿಕೊಂಡು ಮೊಣಕೈ, ಮೊಣಕಾಲ ಕೆಳಗೆ ಬಿಸಿಲು ಬೀಳುವಂತೆ, ಚರ್ಮ ಚುರುಗುಟ್ಟುವ ಮೊದಲೇ ಒಳಗೆ ಬರುವಷ್ಟು ಹೊತ್ತು ಸಾಕು. ಏಪ್ರಿಲ್, ಮೇ ತಿಂಗಳ ಉರಿಬಿಸಿಲಿನಲ್ಲಿ ನಡುಹಗಲಿಗೆ ಹೋಗಬೇಕಿಲ್ಲ. ಬೆಳಿಗ್ಗೆ ಒಂಬತ್ತೂವರೆಯ ಬಿಸಿಲಿಗೇ ಆ ಶಕ್ತಿ ಬಂದಿರುತ್ತದೆ.

ಇವೆಲ್ಲಕ್ಕಿಂತ ಸುಲಭವಾಗಿ ಆಗಬಹುದಾದ ಕೆಲಸ ಶಾಲೆಗಳ ಕೈಯಲ್ಲಿದೆ. ಆಟದ ಪೀರಿಯಡ್ ಎಂದರೆ ದಿನದ ಕೊನೆಯದು ಎಂಬ ರೂಢಿ ಹಲವು ಕಡೆ ಇದೆ. ಡಿಸೆಂಬರಿನ ಸಂಜೆ 4ಕ್ಕೆ ಹುಮನಾಬಾದಿನ ಮೈದಾನದಲ್ಲಿ ಮಗುವಿನ ನೆರಳು ಅದರ ಎತ್ತರದ ಎರಡೂವರೆ ಪಟ್ಟು. ಅದೇ ಪೀರಿಯಡ್ಡನ್ನು ಚಳಿಗಾಲದ ನಾಲ್ಕು ತಿಂಗಳಾದರೂ ಹನ್ನೊಂದೂವರೆಗೆ ತಂದರೆ ಒಂದು ಪೈಸೆ ಖರ್ಚಿಲ್ಲದೆ ಎಲುಬು ಬೆಳೆಯುವ ವಯಸ್ಸಿನ ಮಕ್ಕಳಿಗೆಲ್ಲ ಕೆಲಸದ ಬಿಸಿಲು ಸಿಗುತ್ತದೆ. ಕಚ್ಚಾ ಸರಕು ಪ್ರತಿ ಮಗುವಿನ ಚರ್ಮದಲ್ಲೂ ತಯಾರಿದೆ, ಕ್ರಮ ಅದಕ್ಕೆ ಗೊತ್ತಿದೆ, ಎಲ್ಲಿ ನಿಲ್ಲಿಸಬೇಕೆಂಬುದೂ ಗೊತ್ತಿದೆ. ವೇಳಾಪಟ್ಟಿ ಬರೆಯುವುದೊಂದೇ ನಮ್ಮ ಪಾಲಿನ ಕೆಲಸ.